ಜಲ್ಲಿ ದಾರಿಯ ಸೈಕಲ್ಲೂ ನಮ್ಮ ತೋಟದ ಬಂಡಿದಾರಿಯೂ



ಸಾಮಾನ್ಯವಾಗಿ ಕಾಯಿಕೊರಕದ ಬಗ್ಗೆಯೋ, ಅಡಿಕೆಯ ಕೊಳೆರೋಗದ ಬಗ್ಗೆಯೋ, ಗೊಬ್ಬರದ ದಾಸ್ತಾನಿನ ಬಗ್ಗೆಯೋ ಬರೆಯುವ ನಾವು ಈ ಸಂಚಿಕೆಯಲ್ಲಿ ಸೈಕಲ್ಲಿನ ಬಗ್ಗೆ ಬರೆಯುತ್ತಿರುವುದನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಬಹುದು. ಇದಕ್ಕೆ ಕಾರಣವಿದೆ. ಈಚಿನ ವರ್ಷಗಳಲ್ಲಿ ಮಳೆಗಾಲ ಮುಗಿದೊಡನೆ ಭಾನುವಾರಗಳಂದು ಮೈಸೂರು, ಬೆಂಗಳೂರು ಕಡೆಯ ಯುವಕ ಯುವತಿಯರು ತಲೆಗೆ ಶಿರಸ್ತ್ರಾಣ ಧರಿಸಿ, ದಪ್ಪ ಗಾಲಿಯ ಸೈಕಲ್ಲುಗಳ ಮೇಲೆ ನಮ್ಮ ತೋಟಗಳ ನಡುವಿನ ಮಣ್ಣು ದಾರಿಗಳಲ್ಲಿ ಬರುತ್ತಿದ್ದಾರೆ. ಇವರು ಯಾರು, ಟಾರು ರಸ್ತೆ ಇರುವಾಗ ಕಲ್ಲುಮಣ್ಣಿನ ದಾರಿಯನ್ನೇ ಹುಡುಕಿ ಬರುವುದೇಕೆ, ಇವರನ್ನು ಬಿಡಬೇಕೋ ತಡೆಯಬೇಕೋ ಎಂದು ಹಲವು ಸದಸ್ಯರು ಕಚೇರಿಗೆ ಬಂದು ಕೇಳಿದ್ದಾರೆ.

ಉತ್ತರ ಹೇಳುವ ಮೊದಲು ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳುವುದು ನ್ಯಾಯ. ಕಳೆದ ಜನವರಿಯಲ್ಲಿ ಕಾಫಿ ಕೊಯ್ಲಿನ ಸಮಯದಲ್ಲಿ, ರಾತ್ರಿ ಹೊತ್ತು ಹಣ್ಣು ಕದ್ದು ಸಾಗಿಸುವ ವಾಹನಗಳನ್ನು ತಡೆಯಲೆಂದು, ನಮ್ಮ ತೋಟದ ಕೊನೆಯಲ್ಲಿ ಎರಡು ಸಿಲ್ವರ್ ಓಕ್ ಮರಗಳ ನಡುವೆ ಕಬ್ಬಿಣದ ತಂತಿ ಕಟ್ಟಿಸಿದ್ದೆವು. ಬೆಳಿಗ್ಗೆ ಬಿಚ್ಚಬೇಕಾದುದನ್ನು ಆ ದಿನ ಬಿಚ್ಚಿರಲಿಲ್ಲ. ಮಂಜಿನಲ್ಲಿ ಇಳಿಜಾರಿನಿಂದ ಬಂದ ಸೈಕಲ್ ತಂಡದ ಮೊದಲನೆಯವನಿಗೆ ತಂತಿ ಕಾಣಲಿಲ್ಲ. ಭುಜಕ್ಕೆ ತಾಗಿ ಉರುಳಿದ. ಹೆಗಲ ಮೂಳೆ ಮುರಿಯಿತು. ನಾಲ್ಕು ಅಂಗುಲ ಮೇಲೆ ತಾಗಿದ್ದರೆ ಕುತ್ತಿಗೆ. ಆ ದಾರಿ ಗ್ರಾಮ ನಕಾಶೆಯಲ್ಲಿ ಬಂಡಿದಾರಿ ಎಂದೇ ನಮೂದಾಗಿದೆ. ಅಲ್ಲಿ ತಂತಿ ಕಟ್ಟುವ ಹಕ್ಕೇ ನಮಗಿರಲಿಲ್ಲ.

ಯುವಕನ ಮನೆ ಮೈಸೂರಿನ ಚಾಮರಾಜಪುರಂನಲ್ಲಿ. ಅವನಿಗೆ ಗುಣವಾದ ಮೇಲೆ ಕ್ಷಮೆ ಕೇಳಲೆಂದು ಅಲ್ಲಿಗೆ ಹೋದೆವು. ತಂದೆತಾಯಿಗಳು ದೂರು ಕೊಟ್ಟವರಲ್ಲ, ಒರಟಾಗಿ ಆಡಿದವರೂ ಅಲ್ಲ. ಹುಡುಗನೇ, "ಸಾರ್, ಕೇಳದೆ ಬಂದದ್ದು ನಮ್ಮ ತಪ್ಪೂ ಹೌದು. ಒಂದು ದಿನ ನಮ್ಮ ಜೊತೆ ಬನ್ನಿ, ನಾವು ಯಾಕೆ ಹೀಗೆ ತಿರುಗುತ್ತೇವೆ ನೋಡಿ" ಎಂದ. ಅಕ್ಟೋಬರಿನಲ್ಲಿ ಹೋದೆವು. ನೋಡಿದ್ದನ್ನೂ ಆ ಬಳಿಕ ಓದಿ ತಿಳಿದದ್ದನ್ನೂ ಸದಸ್ಯರ ಮುಂದೆ ಇಡುತ್ತಿದ್ದೇವೆ.

ಇದು ಎಂಥ ಸೈಕಲ್ಲು?

ಇದಕ್ಕೆ ಗ್ರಾವೆಲ್ ಬೈಕು ಎಂದು ಹೆಸರು. ಗ್ರಾವೆಲ್ ಎಂದರೆ ಜಲ್ಲಿ. ಕುರಿಯ ಕೊಂಬಿನಂತೆ ಬಾಗಿದ ಹ್ಯಾಂಡಲ್ ನೋಡಿದರೆ ಪಂದ್ಯದ ಸೈಕಲ್ಲಿನಂತೆಯೇ ಕಾಣುತ್ತದೆ, ವ್ಯತ್ಯಾಸವಿರುವುದು ಗಾಲಿಯಲ್ಲಿ. ಟಾರು ರಸ್ತೆಯ ಪಂದ್ಯದ ಸೈಕಲ್ಲಿನ ಟಯರು 25ರಿಂದ 28 ಮಿಲಿಮೀಟರ್ ಅಗಲವಿದ್ದರೆ, ಇದರದ್ದು 40 ಮಿಲಿಮೀಟರಿನ ಆಸುಪಾಸು ಅಥವಾ ಅದಕ್ಕೂ ಹೆಚ್ಚು. ಅದಕ್ಕೆ 80–100 ಪೌಂಡು ಗಾಳಿ ಹೊಡೆದರೆ, ಇದಕ್ಕೆ 30–40 ಪೌಂಡು ಸಾಕು.

ಗಟ್ಟಿ ಗಾಳಿಯ ಟಯರು ಕಲ್ಲಿಗೆ ತಾಗಿದಾಗ ಸೈಕಲ್ಲನ್ನೂ ಸವಾರನನ್ನೂ ಎತ್ತಿ ಹಾಕುತ್ತದೆ. ತುಳಿದ ಶಕ್ತಿಯೆಲ್ಲ ಕುಣಿತಕ್ಕೆ ಹೋಗುತ್ತದೆ. ಮೆತ್ತನೆಯ ಅಗಲ ಟಯರು ಕಲ್ಲನ್ನು ತನ್ನೊಳಕ್ಕೆ ನುಂಗಿಕೊಂಡು ಮುಂದೆ ಸಾಗುತ್ತದೆ. ಕೆಸರಿನಲ್ಲಿ ಹೂತ ಜೀಪಿನ ಗಾಲಿಗೆ ಗಾಳಿ ಇಳಿಸಿ ದಾಟಿಸುವುದು ನಮಗೆಲ್ಲ ಗೊತ್ತಿರುವ ಉಪಾಯ. ಇಲ್ಲಿಯೂ ಅದೇ ತತ್ತ್ವ. ಹಲವು ಸೈಕಲ್ಲುಗಳಲ್ಲಿ ಒಳಗೆ ಟ್ಯೂಬೇ ಇರುವುದಿಲ್ಲ. ಬದಲಿಗೆ ಟಯರಿನೊಳಗೆ ಒಂದು ಬಗೆಯ ದ್ರವ ಹಾಕಿರುತ್ತಾರೆ. ಮುಳ್ಳು ಚುಚ್ಚಿದರೆ ಅದು ತೂತಿಗೆ ಬಂದು ಹೆಪ್ಪುಗಟ್ಟಿ ಮುಚ್ಚುತ್ತದೆ. ಈ ದ್ರವಗಳಲ್ಲಿ ಬಹಳಷ್ಟು ರಬ್ಬರ್ ಹಾಲಿನಿಂದಲೇ ಆದವು ಎಂಬುದು ರಬ್ಬರ್ ಇಟ್ಟಿರುವ ಸದಸ್ಯರಿಗೆ ಸ್ವಾರಸ್ಯವೆನಿಸೀತು. ಏರು ಹತ್ತಲು ಹಗುರ ಗಿಯರುಗಳು, ಇಳಿಜಾರಿಗೆ ಡಿಸ್ಕ್ ಬ್ರೇಕುಗಳು ಇರುತ್ತವೆ.

ನಮ್ಮ ಕಾಲದ ಕಪ್ಪು ಸೈಕಲ್ಲಿನ ಟಯರಿನ ಅಳತೆ 28 ಇಂಚು ಎತ್ತರ, ಒಂದೂವರೆ ಇಂಚು ಅಗಲ. ಒಂದೂವರೆ ಇಂಚು ಎಂದರೆ 38 ಮಿಲಿಮೀಟರ್. ಹಾಲಿನ ಕ್ಯಾನು ಕಟ್ಟಿಕೊಂಡು ಸಂಕ ದಾಟಿ, ಜಲ್ಲಿ ದಾರಿಯಲ್ಲಿ ಡೈರಿಗೆ ಹೋಗುತ್ತಿದ್ದವರೆಲ್ಲ ಹೆಸರು ತಿಳಿಯದೆಯೇ ಜಲ್ಲಿ ದಾರಿಯ ಸೈಕಲ್ಲನ್ನೇ ಓಡಿಸುತ್ತಿದ್ದರು. ಹೊಸದಾಗಿ ಬಂದಿರುವುದು ಗಿಯರು, ಬ್ರೇಕು, ಕಡಿಮೆ ತೂಕ; ಬೆಲೆಯೂ ಕೂಡ.

ಚಾಮರಾಜಪುರಂನಿಂದ ಕರಿಘಟ್ಟಕ್ಕೆ

ಮುಂಜಾನೆ ಐದೂವರೆಗೆ ಚಾಮರಾಜಪುರಂ ರೈಲು ನಿಲ್ದಾಣದ ಬಳಿ ಆರು ಜನ ಸೇರಿದೆವು. ಐವತ್ತು ದಾಟಿದ ನಮಗೊಂದು ಸೈಕಲ್ಲನ್ನು ಬಾಡಿಗೆಗೆ ತಂದಿದ್ದರು. ಮೈಸೂರಿನಲ್ಲಿ ಸೈಕಲ್ಲಿನ ಹವ್ಯಾಸ ಹೊಸದಲ್ಲ. 2017ರ ಜೂನಿನಲ್ಲಿ ಸರ್ಕಾರವೇ 'ಟ್ರಿಣ್ ಟ್ರಿಣ್' ಎಂಬ ಹೆಸರಿನಲ್ಲಿ ಸಾರ್ವಜನಿಕ ಸೈಕಲ್ ಬಾಡಿಗೆ ವ್ಯವಸ್ಥೆಯನ್ನು ಇಲ್ಲಿ ಆರಂಭಿಸಿತ್ತು. 2008ರಿಂದ ನಡೆದುಬಂದಿರುವ ನೀಲಗಿರಿ ಸೈಕಲ್ ಪ್ರವಾಸದ ಸವಾರರೂ ಈ ಊರನ್ನು ಹಾದುಹೋಗಿದ್ದಾರೆ.

ಲಲಿತಮಹಲಿನ ಕಡೆ ಸಾಗಿ, ನಗರದ ಪೂರ್ವಕ್ಕೆ ವರುಣಾ ನಾಲೆಯ ಏರಿಯ ಮಣ್ಣು ದಾರಿ ಸೇರಿದೆವು. ಕನ್ನಂಬಾಡಿ ಅಣೆಕಟ್ಟಿನ ಬಲದಂಡೆಯಿಂದ ಬರುವ ಮೇಲ್ಮಟ್ಟದ ನಾಲೆ ಇದು. ನೀರು ನಮಗೆ ಎದುರಾಗಿ ಹರಿಯುತ್ತಿತ್ತು. ನಾಲೆಯ ಏರಿಯಲ್ಲಿ ನೀರು ಹರಿಯಲು ಬೇಕಾದಷ್ಟೇ ವಾಟ ಇರುವುದರಿಂದ ಎಷ್ಟು ದೂರ ಹೋದರೂ ಏರು ಹತ್ತಿದಂತೆ ಅನ್ನಿಸುವುದಿಲ್ಲ. ನಮ್ಮ ಮೊಣಕಾಲುಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಸಿಗಲಾರದು. ಒಂದು ಕಡೆ ನೀರು, ಇನ್ನೊಂದು ಕಡೆ ಭತ್ತ, ಕಬ್ಬು, ತೆಂಗು. ಗಂಟೆಗೆ ಹನ್ನೆರಡು ಕಿಲೋಮೀಟರಿನ ವೇಗದಲ್ಲಿ ಗದ್ದೆಯಲ್ಲಿದ್ದವರಿಗೆ ನಮಸ್ಕಾರ ಹೇಳಿ ಉತ್ತರ ಕೇಳಿಸಿಕೊಂಡು ಹೋಗಬಹುದು. ಕಾರಿನಲ್ಲಿ ಇದು ಆಗದು.

ಹಳ್ಳಿಯ ದಾರಿಗಳಲ್ಲಿ ಹಾದು ಶ್ರೀರಂಗಪಟ್ಟಣ ತಲುಪಿದೆವು. ರಂಗನಾಥಸ್ವಾಮಿ ದೇವಸ್ಥಾನ, 1784ರ ದರಿಯಾ ದೌಲತ್, ಗುಂಬಜ್, 1799ರ ಮೇ 4ರಂದು ಕೋಟೆ ಬಿದ್ದ ಜಾಗ ಇವೆಲ್ಲವನ್ನೂ ಸದಸ್ಯರು ಶಾಲಾ ಪ್ರವಾಸದಲ್ಲೇ ನೋಡಿರುತ್ತೀರಿ. ಬೆಳೆಗಾರನ ಕಣ್ಣಿಗೆ ಹೆಚ್ಚು ಹಿಡಿಸುವಂಥವು ಬಸ್ಸಿನವರು ನಿಲ್ಲಿಸದ ಕಡೆ ಇವೆ. ಹದಿನೇಳನೆಯ ಶತಮಾನದ ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದ ಬಂಗಾರದೊಡ್ಡಿ ನಾಲೆ ಕಾವೇರಿಯ ಒಂದು ಕವಲಿನಿಂದ ಹೊರಟು, ಇನ್ನೊಂದು ಕವಲನ್ನು ಕಲ್ಲಿನ ಮೇಲ್ಗಾಲುವೆಯ ಮೂಲಕ ದಾಟಿ ದ್ವೀಪಕ್ಕೆ ನೀರು ತರುತ್ತದೆ. ಹೊಳೆಯ ಮೇಲೆ ಹೊಳೆಯ ನೀರನ್ನೇ ದಾಟಿಸಿದ ಈ ಕೆಲಸವನ್ನು, ಒಂದು ಪೈಪು ಹಳ್ಳ ದಾಟಿಸಲು ನಾವು ಪಡುವ ಪಾಡಿನೊಡನೆ ಹೋಲಿಸಿ ನೋಡಬಹುದು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯಲ್ಲಿ ಕಮಾನುಗಳಿಲ್ಲ. ಕಲ್ಲಿನ ಕಂಬಗಳ ಮೇಲೆ ಕಲ್ಲಿನ ತೊಲೆ, ಅದರ ಮೇಲೆ ಚಪ್ಪಡಿ. ಎರಡು ಶತಮಾನಗಳಲ್ಲಿ ಎಷ್ಟು ನೆರೆಗಳನ್ನು ಕಂಡಿತೋ!

ಕಡೆಗೆ ಕರಿಘಟ್ಟ. ಕುರುಚಲು ಕಾಡಿನ ಬೆಟ್ಟ, ಮೇಲೆ ಶ್ರೀನಿವಾಸ ದೇವರ ಗುಡಿ, ಕೆಳಗೆ ಲೋಕಪಾವನಿ ಕಾವೇರಿಗೆ ಸೇರುವ ನೋಟ. ಈ ಬೆಟ್ಟದ ಸುತ್ತಿನಲ್ಲಿ 1791ರ ಮೇ 15ರಂದು ಲಾರ್ಡ್ ಕಾರ್ನ್‌ವಾಲಿಸನ ಸೈನ್ಯಕ್ಕೂ ಟಿಪ್ಪುವಿನ ಸೈನ್ಯಕ್ಕೂ ಯುದ್ಧವಾಯಿತು. ಯುದ್ಧ ಗೆದ್ದರೂ ಕಾರ್ನ್‌ವಾಲಿಸ್ ಪಟ್ಟಣಕ್ಕೆ ಮುತ್ತಿಗೆ ಹಾಕಲಾರದೆ ಹಿಂದಿರುಗಿದ. ಮೇವಿಲ್ಲದೆ, ಮಳೆಗೆ ಸಿಕ್ಕಿ ಎತ್ತುಗಳು ಸತ್ತಿದ್ದವು. ಭಾರೀ ಫಿರಂಗಿಗಳನ್ನು ಎಳೆಯುವವರಿಲ್ಲದೆ ತಾನೇ ಅವನ್ನು ನಾಶಮಾಡಿಸಿದ. ಕೊಡಗಿನ ಕಡೆಯಿಂದ ಘಟ್ಟ ಹತ್ತಿ ಪಿರಿಯಾಪಟ್ಟಣದವರೆಗೆ ಬಂದಿದ್ದ ಬೊಂಬಾಯಿ ಸೈನ್ಯವೂ ಮರಳಿತು. ಮತ್ತೆ ಬಂದದ್ದು 1792ರ ಫೆಬ್ರವರಿಯಲ್ಲಿ, ದಾರಿ ಒಣಗಿದ ಮೇಲೆ. ಮಳೆಗಾಲದ ಮಣ್ಣು ದಾರಿಯ ಮುಂದೆ ಲಾರ್ಡನ ಆಟವೂ ನಡೆಯದು ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೋಗಿ ಬರುವುದಕ್ಕೆ ಸುಮಾರು 50 ಕಿಲೋಮೀಟರ್ ಆಯಿತು. ಸೊಂಟ ಎರಡು ದಿನ ನೋಯಿತು. ಆರು ಜನರೂ ದಾರಿಯಲ್ಲಿ ಇಡ್ಲಿ, ಕಾಫಿ, ಎಳನೀರು, ಸೌತೆಕಾಯಿ ಎಂದು ಖರ್ಚು ಮಾಡಿದೆವು. ಅದೆಲ್ಲ ಚಿಕ್ಕ ಅಂಗಡಿ, ತಳ್ಳುಗಾಡಿ, ಮರದಡಿಯ ವ್ಯಾಪಾರಿಗಳಿಗೇ ಹೋಯಿತು. ಲಕ್ಷದ ವ್ಯಾಪಾರವಲ್ಲ, ಆದರೆ ನಡುವೆ ದಲ್ಲಾಳಿ ಇರಲಿಲ್ಲ.

ಬೇರೆ ದೇಶದ ಬೆಳೆಗಾರರ ಅನುಭವ

ಅಮೆರಿಕದ ಕ್ಯಾನ್ಸಸ್ ಪ್ರಾಂತ್ಯದಲ್ಲಿ ಎಂಪೋರಿಯಾ ಎಂಬ ಊರಿದೆ. ಸುತ್ತ ದನ ಮೇಯುವ ಬಯಲು, ಕಲ್ಲುಚೂರಿನ ದಾರಿಗಳು. 2006ರಲ್ಲಿ ಅಲ್ಲಿ 200 ಮೈಲಿಯ ಜಲ್ಲಿ ದಾರಿಯ ಪಂದ್ಯವೊಂದು ಆರಂಭವಾಯಿತು. ಮೊದಲ ವರ್ಷ ಬಂದವರು 34 ಮಂದಿ. ಈಗ ಜಗತ್ತಿನ ನಾನಾ ಕಡೆಗಳಿಂದ ಸಾವಿರಾರು ಜನ ಬರುತ್ತಾರೆ. 2022ರಲ್ಲಿ ಇಟಲಿಯಲ್ಲಿ ಈ ಬಗೆಯ ಸೈಕಲ್ಲಿನ ಮೊದಲ ವಿಶ್ವ ಚಾಂಪಿಯನ್‌ಶಿಪ್ ಪಂದ್ಯವೂ ನಡೆಯಿತು.

ನಮಗೆ ಹೆಚ್ಚು ಹತ್ತಿರದ ಉದಾಹರಣೆ ಇಟಲಿಯದೇ. ಟಸ್ಕನಿ ಸೀಮೆಯ ಕಿಯಾಂತಿ ಎಂಬಲ್ಲಿ ದ್ರಾಕ್ಷಿ ಮತ್ತು ಆಲಿವ್ ತೋಟಗಳ ನಡುವೆ ಬಿಳಿ ಜಲ್ಲಿಯ ಹಳೆಯ ದಾರಿಗಳಿವೆ. ಇವಕ್ಕೆಲ್ಲ ಟಾರು ಹಾಕಿಬಿಡುತ್ತಾರೆಂಬ ಆತಂಕ ಬಂದಾಗ, 1997ರಲ್ಲಿ ಗಾಯೋಲೆ ಎಂಬ ಊರಿನಲ್ಲಿ ಕೆಲವರು ಸೇರಿ ಹಳೆಯ ಸೈಕಲ್ಲುಗಳ ಮೇಲೆ ಆ ದಾರಿಗಳಲ್ಲೇ ಒಂದು ಸವಾರಿ ಏರ್ಪಡಿಸಿದರು. ಅದರ ಹೆಸರು 'ಎರೊಯಿಕಾ'. ಮೊದಲ ಸಲ ಬಂದವರು ನೂರಕ್ಕೂ ಕಡಿಮೆ. ಈಗ ಅದು ದೊಡ್ಡ ಜಾತ್ರೆಯಂತಾಗಿದೆ. 200 ಕಿಲೋಮೀಟರಿಗೂ ಮೀರಿದ ದಾರಿಗೆ ಶಾಶ್ವತ ಫಲಕಗಳನ್ನೇ ಹಾಕಿದ್ದಾರೆ. 2007ರಿಂದ ವೃತ್ತಿಪರ ಸವಾರರ ಪಂದ್ಯವೂ ಆ ಸೀಮೆಯ ಬಿಳಿ ದಾರಿಗಳಲ್ಲೇ ನಡೆಯುತ್ತಿದೆ. ಪ್ರಯೋಜನವಿಲ್ಲ ಎಂದುಕೊಂಡಿದ್ದ ದಾರಿಯೇ ಊರಿನ ಆಸ್ತಿಯಾಯಿತು.

ನಮ್ಮಲ್ಲಿ ಏನಿದೆ?

ನಮ್ಮ ಕಾಫಿ ಸೀಮೆಯಲ್ಲಿ ಇದಕ್ಕಿಂತ ಕಡಿಮೆ ಏನೂ ಇಲ್ಲ. ಹೊಯ್ಸಳರ ಮೂಲಸ್ಥಾನವೆಂದು ಹೇಳುವ ಅಂಗಡಿ, ಅಂದರೆ ಹಳೆಯ ಸೊಸೆವೂರು, ಮೂಡಿಗೆರೆ ತಾಲ್ಲೂಕಿನಲ್ಲಿ ಕಾಫಿ ತೋಟಗಳ ನಡುವೆಯೇ ಇದೆ. ವಾಸಂತಿಕಾ ದೇವಿಯ ಗುಡಿಯೂ ಹಳೆಯ ಬಸದಿಗಳೂ ಅಲ್ಲಿವೆ. ಸಕಲೇಶಪುರದ ಬಳಿ 1792ರಲ್ಲಿ ಪೂರ್ಣವಾದ, ಎಂಟು ಮೂಲೆಯ ನಕ್ಷತ್ರದಾಕಾರದ ಮಂಜರಾಬಾದ್ ಕೋಟೆಯಿದೆ. ಕೊಡಗಿನಲ್ಲಿ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ದೊಡ್ಡ ವೀರರಾಜೇಂದ್ರನ ನಾಲ್ಕುನಾಡು ಅರಮನೆಯಿದೆ. ತೋಟಗಳನ್ನೂ ಕಾಡನ್ನೂ ಸೀಳಿಕೊಂಡು ಹೋಗುವ ಕಡಂಗಗಳು, ಅಂದರೆ ಹಿಂದಿನ ಕಾಲದ ಕಾವಲು ಕಂದಕಗಳು, ಕೊಡಗಿನಲ್ಲಿ ಎಷ್ಟೋ ಕಡೆ ಇವೆ. ಕಾಲುದಾರಿಯಲ್ಲಿ ಹೋಗುವವನಿಗೆ ಇವು ಕಾಣುವ ಬಗೆಯೇ ಬೇರೆ.

ಒಂದು ವಿಷಯ ಮಾತ್ರ ಸ್ಪಷ್ಟವಿರಲಿ. ಹುಲಿ ಸಂರಕ್ಷಿತ ಪ್ರದೇಶ, ವನ್ಯಧಾಮ, ಮೀಸಲು ಅರಣ್ಯಗಳೊಳಗೆ ಇಲಾಖೆಯ ಅನುಮತಿಯಿಲ್ಲದೆ ಹೋಗತಕ್ಕದ್ದಲ್ಲ. ದಾರಿ ಕೇಳಿದವರಿಗೆ ಕಾಡಿನ ಒಳದಾರಿ ತೋರಿಸುವ ಉಪಕಾರವನ್ನು ಯಾವ ಸದಸ್ಯರೂ ಮಾಡಬಾರದು. ಸೈಕಲ್ಲು ಸದ್ದಿಲ್ಲದೆ ಬರುವ ವಾಹನ. ತಿರುವಿನಲ್ಲಿ ಆನೆಗೂ ಸವಾರನಿಗೂ ಒಮ್ಮೆಗೇ ಗಾಬರಿಯಾದರೆ ಏನಾಗುವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆಕ್ಷೇಪಗಳು

ಕಚೇರಿಯಲ್ಲಿ ಕೇಳಿಬಂದ ಆಕ್ಷೇಪಗಳಲ್ಲಿ ಮುಖ್ಯವಾದುದು ಇದು: "ಇಂದು ಬಿಟ್ಟರೆ ನಾಳೆ ನಮ್ಮ ತೋಟದ ದಾರಿ ಸಾರ್ವಜನಿಕರ ಹಕ್ಕಾಗಿಬಿಡುವುದಿಲ್ಲವೇ?" ಭಯ ಸಹಜವಾದದ್ದು. 1882ರ ಈಸ್‌ಮೆಂಟ್ ಕಾಯಿದೆಯ ಪ್ರಕಾರ, ಒಬ್ಬರು ಇನ್ನೊಬ್ಬರ ಜಮೀನಿನಲ್ಲಿ ಬಹಿರಂಗವಾಗಿ, ತಡೆಯಿಲ್ಲದೆ, ತಮ್ಮ ಹಕ್ಕೆಂದೇ 20 ವರ್ಷ ನಡೆದಾಡಿದ್ದರೆ ದಾರಿಯ ಹಕ್ಕು ಹುಟ್ಟಬಹುದು. ಆದರೆ ಒಪ್ಪಿಗೆ ಪಡೆದು ನಡೆಯುವುದು ಹಕ್ಕಿನಿಂದ ನಡೆದಂತಲ್ಲ. ಅದು ಪರವಾನಗಿ, ಸಾಮಾನ್ಯವಾಗಿ ಕೊಟ್ಟವರು ಹಿಂತೆಗೆದುಕೊಳ್ಳಬಹುದು. ಆದ್ದರಿಂದ ಕಂಡೂ ಕಾಣದಂತೆ ಸುಮ್ಮನಿರುವುದಕ್ಕಿಂತ, ಇಂಥ ದಿನ ಇಂಥವರಿಗೆ ಒಪ್ಪಿಗೆ ಕೊಟ್ಟಿದ್ದೇವೆ ಎಂದು ಒಂದು ಪುಸ್ತಕದಲ್ಲಿ ಬರೆದಿಡುವುದೇ ಕ್ಷೇಮ. ತಕರಾರಿನ ಜಮೀನಿದ್ದರೆ ಮೊದಲು ವಕೀಲರನ್ನು ಕೇಳಿರಿ. ಗ್ರಾಮ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿ ಎಂದು ಗುರುತಾಗಿರುವುದು ಬೇರೆಯೇ ವಿಚಾರ. ಅದನ್ನು ಮುಚ್ಚುವ ಅಧಿಕಾರ ನಮಗೆ ಯಾರಿಗೂ ಇಲ್ಲ.

ಎರಡನೆಯದು, ಗೇಟು ತೆರೆದಿಟ್ಟು ಹೋಗುತ್ತಾರೆ, ಪ್ಲಾಸ್ಟಿಕ್ ಎಸೆಯುತ್ತಾರೆ, ಕೆಲಸದ ಹೆಂಗಸರ ಫೋಟೋ ತೆಗೆಯುತ್ತಾರೆ ಎಂಬುದು. ಇದು ನಿಜವೂ ಹೌದು. ಇದನ್ನು ಚಾಮರಾಜಪುರಂನ ತಂಡದವರಿಗೆ ಮುಖಕ್ಕೇ ಹೇಳಿದೆವು. ಅವರು ತಲೆತಗ್ಗಿಸಿ ಕೇಳಿದರು, ನಿಯಮ ಹಾಕಿಕೊಡಿ ಎಂದರು.

ಮೂರನೆಯದು, ದಾರಿ ಹಾಳಾಗುತ್ತದೆ ಎಂಬುದು. ಒಣ ದಿನಗಳಲ್ಲಿ ಸೈಕಲ್ಲಿನಿಂದ ದಾರಿಗೆ ಆಗುವ ಹಾನಿ ಜೀಪಿನ ಮುಂದೆ ಏನೂ ಅಲ್ಲ. ಮಳೆಗಾಲದಲ್ಲಿ ಮಾತ್ರ ಗಾಲಿಯ ಗೀರೇ ನೀರಿನ ಜಾಡಾಗಿ, ಜಾಡು ಕೊರಕಲಾಗುತ್ತದೆ. ಆದುದರಿಂದ ಜೂನಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಬೇಡ ಎನ್ನುವುದೇ ಸರಿ. ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ಕಾಲವೂ ಅದೇ ಆಗಿರುವುದರಿಂದ ಎರಡು ಕೆಲಸ ಒಂದರಲ್ಲೇ ಮುಗಿಯುತ್ತದೆ.

ಸದಸ್ಯರಲ್ಲಿ ವಿನಂತಿ

ಬರುವ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರುತ್ತದೆ. ನಮ್ಮ ಸಲಹೆಗಳು ಇಂತಿವೆ:

1. ಸಭೆಯನ್ನು ಕಾಯದೆ ಇಂದೇ ಮಾಡಬೇಕಾದದ್ದು: ದಾರಿಗೆ ಅಡ್ಡವಾಗಿ ತಂತಿ, ಸರಪಳಿ ಕಟ್ಟಿದ್ದರೆ ಬಿಚ್ಚಿಸಿರಿ. ಸ್ವಂತ ಜಮೀನಿನಲ್ಲಿ ತಡೆ ಬೇಕೇ ಬೇಕೆಂದರೆ ನಮ್ಮ ಹಿರಿಯರ ಉಣುಗೋಲು ಇದೆ. ಬಿದಿರಿಗೆ ಸುಣ್ಣ ಬಳಿದರೆ ದೂರದಿಂದ ಕಾಣುತ್ತದೆ.

2. ಒಪ್ಪಿಗೆ ಕೊಡುವ ಸದಸ್ಯರು ತಮ್ಮ ದಾರಿಯ ವಿವರವನ್ನು ಕಚೇರಿಗೆ ತಿಳಿಸಲಿ. ತಂಡದವರು ಒಂದು ವಾರ ಮೊದಲು ಹೆಸರು, ಸಂಖ್ಯೆ ಬರೆಸಿ ಬರಲಿ.

3. ಬೆಳಿಗ್ಗೆ ಏಳಕ್ಕೆ ಮೊದಲು, ಸಂಜೆ ಐದರ ನಂತರ ಸವಾರಿ ಬೇಡ. ಅರಣ್ಯ ಇಲಾಖೆಯವರಿಂದ ಆನೆ ಬಂದಿರುವ ಎಚ್ಚರಿಕೆ ಸಿಕ್ಕ ದಿನ ಪೂರ್ತಿ ಬೇಡ.

4. ಕೊಯ್ಲು ನಡೆಯುವ ಪಟ್ಟೆಯಲ್ಲಿ, ಕಾಫಿ ಒಣಗಿಸುವ ಕಣದಲ್ಲಿ, ಲೈನ್ ಮನೆಗಳ ಮುಂದೆ ಸೈಕಲ್ಲಿನಿಂದ ಇಳಿದು ನಡೆಯಲಿ. ಕೇಳದೆ ಯಾರ ಫೋಟೋವನ್ನೂ ತೆಗೆಯತಕ್ಕದ್ದಲ್ಲ.

5. ನಾಯಿ ಸಾಕಿದವರು ಆ ಹೊತ್ತಿಗೆ ಕಟ್ಟಿಹಾಕಲಿ. ಇಳಿಜಾರಿನಲ್ಲಿ ನಾಯಿ ಅಡ್ಡ ಬಂದರೆ ಸೈಕಲ್ಲಿನವನೂ ಬಿದ್ದ, ನಾಯಿಯೂ ಸತ್ತಿತು.

6. ದಾರಿಯ ಪಕ್ಕದ ಚರಂಡಿ, ಅಡ್ಡ ಚರಂಡಿಗಳನ್ನು ಮಳೆಗೆ ಮುಂಚೆಯೇ ಬಿಡಿಸಿಡಿ. ಇದು ಸೈಕಲ್ಲಿನವರಿಗಿಂತ ನಮ್ಮ ಮೇಲ್ಮಣ್ಣಿನ ಹಿತಕ್ಕಾಗಿ.

7. ಊಟ, ಕಾಫಿ, ನೀರು ಕೊಡಬಲ್ಲ ಮನೆಯವರು ದರವನ್ನು ಮೊದಲೇ ಹೇಳಿಬಿಡಲಿ. ನಮ್ಮದೇ ಕಾಫಿಪುಡಿ, ಮೆಣಸು, ಜೇನು ಇಟ್ಟರೆ ಕೊಳ್ಳುವವರಿದ್ದಾರೆ. ಇದರಿಂದ ಸಾಲ ತೀರುತ್ತದೆಂದು ನಾವು ಹೇಳುವುದಿಲ್ಲ; ಮನೆಯ ಹೆಂಗಸರ ಕೈಗೆ ನೇರವಾಗಿ ನಾಲ್ಕು ಕಾಸು ಬರುತ್ತದೆಂದು ಮಾತ್ರ ಹೇಳುತ್ತೇವೆ.

ಕಾಂಕ್ರೀಟ್ ರಸ್ತೆ ಬೇಡವೆಂದು ನಾವು ವಾದಿಸುತ್ತಿಲ್ಲ. ಕಾಯಿಲೆಯವರನ್ನು ಕಂಬಳಿ ಕಟ್ಟಿ ಹೊತ್ತು ತಂದ ಮಳೆಗಾಲಗಳನ್ನು ಕಂಡವರು ನಾವು. ಮನೆಯ ತನಕ ಒಳ್ಳೆಯ ರಸ್ತೆ ಬೇಕು. ಆದರೆ ಹೊಸ ರಸ್ತೆ ಬಂದ ಕೂಡಲೇ ಹಳೆಯ ಬಂಡಿದಾರಿಯನ್ನು ಅಗೆದು ಗಿಡ ನೆಡುವುದಾಗಲೀ, ಬೇಲಿ ಹಾಕಿ ಮುಚ್ಚುವುದಾಗಲೀ ಬೇಡ. ಅಜ್ಜಂದಿರು ಬೆಲ್ಲ, ಉಪ್ಪು, ಅಡಿಕೆ ಹೇರಿಕೊಂಡು ಘಟ್ಟ ಹತ್ತಿ ಇಳಿದ ದಾರಿಗಳು ಅವು. ಒಮ್ಮೆ ಮುಚ್ಚಿದರೆ ಎರಡು ಮಳೆಗಾಲದಲ್ಲಿ ಲಂಟಾನ ಬೆಳೆದು ಗುರುತೇ ಸಿಗುವುದಿಲ್ಲ.

ಆ ಯುವಕ ಈ ಡಿಸೆಂಬರಿನಲ್ಲಿ ಮತ್ತೆ ನಮ್ಮ ದಾರಿಯಾಗಿ ಬರುವುದಾಗಿ ತಿಳಿಸಿದ್ದಾನೆ. ಈ ಸಲ ಮೊದಲೇ ಕೇಳಿದ್ದಾನೆ. ಎರಡು ಸಿಲ್ವರ್ ಓಕ್ ಮರಗಳ ನಡುವೆ ಈಗ ಏನೂ ಇಲ್ಲ. ತೊಗಟೆಯ ಮೇಲೆ ತಂತಿಯ ಗುರುತು ಮಾತ್ರ ಉಳಿದಿದೆ. ಸದಸ್ಯರು ತಮ್ಮ ತಮ್ಮ ದಾರಿಗಳನ್ನು ಒಮ್ಮೆ ನಡೆದು ನೋಡಿ, ಅಭಿಪ್ರಾಯಗಳನ್ನು ಸಭೆಗೆ ಮೊದಲು ಲಿಖಿತವಾಗಿ ಕಚೇರಿಗೆ ತಲುಪಿಸಬೇಕಾಗಿ ವಿನಂತಿ.

— ಕಾರ್ಯದರ್ಶಿ